ಬಕೆಟ್‌ಹೆಡ್: ನೂರಾರು ಆಲ್ಬಂಗಳಲ್ಲಿ ಎಲ್ಲಿಂದ ಶುರು ಮಾಡೋದು?

ಮೊದಲು 1998ರ ‘ಕೋಲ್ಮಾ’ ಹಾಕಿ. ಉಳಿದದ್ದೆಲ್ಲ ಆಮೇಲೆ.

ಬಕೆಟ್‌ಹೆಡ್ ಅಮೆರಿಕದ ರಾಕ್ ಗಿಟಾರಿಸ್ಟ್. ನಿಜವಾದ ಹೆಸರು ಬ್ರಯಾನ್ ಕ್ಯಾರಲ್. ಮುಖಕ್ಕೆ ಬಿಳಿ ಮುಖವಾಡ, ತಲೆ ಮೇಲೆ ಫ್ರೈಡ್ ಚಿಕನ್ ಬಕೆಟ್. ನುಡಿಸುವುದರ ನಡುವೆ ವೇದಿಕೆಯಲ್ಲೇ ನಂಚಾಕು (ಸರಪಳಿಯಿಂದ ಜೋಡಿಸಿದ ಎರಡು ಕೋಲು) ತಿರುಗಿಸುತ್ತಾನೆ. 2000ರಿಂದ 2004ರವರೆಗೆ ಗನ್ಸ್ ಎನ್ ರೋಸಸ್ ರಾಕ್ ಬ್ಯಾಂಡ್‌ನಲ್ಲಿದ್ದ. ವೇಷ ನೋಡಿಯೇ ಎದ್ದು ಹೋಗುವವರು ಜಾಸ್ತಿ. ಅವರಿಗೆ ನಷ್ಟ.

‘ಕೋಲ್ಮಾ’ ಮಾಡಿದ್ದು ಅಮ್ಮನಿಗಾಗಿ. ಕಾಯಿಲೆಯಿಂದ ಚೇತರಿಸಿಕೊಳ್ಳುವಾಗ ಅವರು ಕೇಳಲಿ ಅಂತ. ಹಾಗಾಗಿ ಇದರಲ್ಲಿ ಬೆರಳಿನ ವೇಗ ತೋರಿಸುವ ಹಟ ಇಲ್ಲ. ‘ಬಿಗ್ ಸರ್ ಮೂನ್’ ತುಂಬ ಚಿಕ್ಕದು. ನುಡಿಸಿದ್ದನ್ನು ತುಸು ತಡವಾಗಿ ಮರಳಿ ಕೇಳಿಸುವ ಡಿಲೇ ಎಫೆಕ್ಟ್‌ನಲ್ಲಿ ಒಂದು ಸ್ವರ ಇನ್ನೊಂದರ ಬೆನ್ನು ಹತ್ತುತ್ತಾ ಹೋಗುತ್ತದೆ. ‘ವಾಚಿಂಗ್ ದ ಬೋಟ್ಸ್ ವಿತ್ ಮೈ ಡ್ಯಾಡ್’ ಬಂದಾಗ ಕೈಯಲ್ಲಿರುವ ಕೆಲಸ ಬಿಟ್ಟು ಕೂರಿ. ನಮ್ಮಮ್ಮ ಮೈಸೂರಿನಲ್ಲೇ ವೀಣೆ ಕಲಿತವರು. ರಾಕ್ ಅಂದ್ರೆ ‘ರೂಮಿನ ಬಾಗಿಲು ಹಾಕ್ಕೋ’ ಅನ್ನುವವರು. ಇದನ್ನು ಕೇಳಿ, ‘ತಂತಿ ಎಳೆಯೋದು ನೋಡೋ, ಗಮಕ ಗೊತ್ತು ಇವನಿಗೆ’ ಅಂದರು. ನನಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಡ.

ಕಷ್ಟ ಇರುವುದು ‘ಪೈಕ್’ ಸರಣಿಯಲ್ಲಿ. 2011ರಿಂದ ನಂಬರ್ ಹಾಕಿ ಬಿಡುತ್ತಿರುವ ಆಲ್ಬಂಗಳು, ಒಂದೊಂದೂ ಸುಮಾರು ಅರ್ಧ ಗಂಟೆ. 2015ರಲ್ಲೇ 118 ಬಂದವು! ಬೆಳಿಗ್ಗೆ ಮಂಡ್ಯ ರೈಲು ಹತ್ತಿ ಒಂದು ಹಾಕಿದರೆ ಪಾಂಡವಪುರದ ಆಸುಪಾಸಿನಲ್ಲಿ ಮುಗಿಯುತ್ತದೆ. ಎಷ್ಟೋ ಸಲ ಇಳಿಯುವ ಹೊತ್ತಿಗೆ ಒಂದು ರಾಗವೂ ನೆನಪಿರುವುದಿಲ್ಲ. ಅದೇ ತರದ ಡ್ರಮ್ಸ್, ಮತ್ತೆ ಮತ್ತೆ ಬರುವ ಅದೇ ಭಾರದ ಗಿಟಾರ್ ತುಣುಕು (ರಿಫ್). ಗಿಟಾರ್ ಮೇಲಿನ ಕೆಂಪು ಗುಂಡಿ ಒತ್ತಿ ಬಿಟ್ಟು ಶಬ್ದವನ್ನು ತುಂಡು ತುಂಡು ಮಾಡುವ ಚಮತ್ಕಾರ ಮೊದಲು ಮೈ ಜುಮ್ಮೆನಿಸುತ್ತದೆ, ಆಮೇಲೆ ಸಾಕಾಗುತ್ತದೆ. ಯಾರಾದರೂ ಕೂತು ಹತ್ತರಲ್ಲಿ ಒಂದನ್ನು ಆರಿಸಿ ಕೊಡಬೇಕಿತ್ತು, ಅಲ್ವಾ? ಆದರೆ ಆ ರಾಶಿಯ ನಡುವೆಯೇ ಒಮ್ಮೊಮ್ಮೆ ನಿಧಾನದ ಒಂದು ಟ್ರ್ಯಾಕ್ ಬಂದು ಎದೆಗೆ ನಾಟುತ್ತದೆ. ನನ್ನ ಪ್ರಕಾರ ಈತ ನಿಧಾನವಾಗಿ ನುಡಿಸಿದಾಗಲೇ ದೊಡ್ಡ ಕಲಾವಿದ.

‘ಕೋಲ್ಮಾ’ ಹಿಡಿಸಿದರೆ 2002ರ ‘ಎಲೆಕ್ಟ್ರಿಕ್ ಟಿಯರ್ಸ್’ ಕೇಳಿ. ಅದಾದ ಮೇಲೆ 2006ರ ‘ಸೂತ್‌ಸೇಯರ್’ ಅನ್ನೋ ಟ್ರ್ಯಾಕ್, ‘ಆಂಟ್ ಸೂಜಿ’ಗೆ ಅರ್ಪಿಸಿದ್ದು. ಮೆತ್ತಗೆ ಶುರುವಾಗಿ ಕೊನೆಯ ಸೋಲೋವರೆಗೆ ಏರುತ್ತಲೇ ಹೋಗುತ್ತದೆ. ಫೋನ್ ಸ್ಪೀಕರ್‌ನಲ್ಲಿ ಮಾತ್ರ ಬೇಡ, ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ.