ಸರ್ವನಾಮ ಬದಲಾಯಿತು, ಕ್ರಿಯಾಪದ ಹಾಗೇ ಉಳಿಯಿತು: ಅನುವಾದ ಸೇವೆಯೊಂದರ ‘ತಟಸ್ಥ’ ಆಯ್ಕೆ

ಇಂಗ್ಲಿಷ್ ಲೇಖನಗಳನ್ನು ಕನ್ನಡಕ್ಕೆ ತರಲು ನಾನು ಬಳಸುವ ಯಂತ್ರಾನುವಾದ ಸೇವೆಯಲ್ಲಿ ಪುಲ್ಲಿಂಗ, ಸ್ತ್ರೀಲಿಂಗಗಳ ಜೊತೆಗೆ ‘ತಟಸ್ಥ’ ಎಂಬ ಮೂರನೆಯ ಆಯ್ಕೆಯೂ ಈಗ ಸೇರಿದೆ. ತಮ್ಮನ್ನು ಗಂಡೆಂದಾಗಲಿ ಹೆಣ್ಣೆಂದಾಗಲಿ ಗುರುತಿಸಿಕೊಳ್ಳದವರ ಕುರಿತ ಬರಹಗಳಿಗೆ ಇದು ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದನ್ನು ನೋಡಬೇಕಿತ್ತು. ಆಯ್ಕೆಯೇನೋ ಸ್ವಾಗತಾರ್ಹ. ಆದರೆ ಅದನ್ನು ರೂಪಿಸಿದವರು ಲಿಂಗವಿರುವುದು ಸರ್ವನಾಮದಲ್ಲಿ ಮಾತ್ರ ಎಂದು ಭಾವಿಸಿದಂತಿದೆ. ಕನ್ನಡದಲ್ಲಿ ಅದು ಕ್ರಿಯಾಪದದ ಕೊನೆಯಲ್ಲೂ ಇರುತ್ತದೆ.

ಸಮಸ್ಯೆ ಹಳೆಯದು. ತುರ್ಕಿ ಭಾಷೆಯ ‘ಓ’ ಎಂಬ ಸರ್ವನಾಮಕ್ಕೆ ಲಿಂಗಭೇದವಿಲ್ಲ. ಹಾಗಿದ್ದರೂ ಆ ಭಾಷೆಯಲ್ಲಿ ಒಬ್ಬ ವ್ಯಕ್ತಿಯನ್ನು ವೈದ್ಯರೆಂದು ಹೇಳುವ ವಾಕ್ಯ ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಗಂಡಸಿನ ಕುರಿತ ಇಂಗ್ಲಿಷ್ ವಾಕ್ಯವಾಗಿಯೇ ಹೊರಬರುತ್ತಿತ್ತು. 2018ರ ಡಿಸೆಂಬರಿನಲ್ಲಿ ಆ ಸಂಸ್ಥೆ ಇಂಥ ವಾಕ್ಯಗಳಿಗೆ ಎರಡೂ ಲಿಂಗಗಳ ಅನುವಾದವನ್ನು ಒಟ್ಟಿಗೆ ತೋರಿಸತೊಡಗಿತು. ಯಂತ್ರ ಕಲಿತದ್ದು ನಮ್ಮ ಬರಹಗಳಿಂದಲೇ ಆದ್ದರಿಂದ ಅದನ್ನೊಂದನ್ನೇ ದೂರಿ ಪ್ರಯೋಜನವಿಲ್ಲ. ಸ್ವೀಡಿಷ್ ಅಕಾಡೆಮಿಯ ಪದಕೋಶ 2015ರಲ್ಲಿ ‘ಹೆನ್’ ಎಂಬ ತಟಸ್ಥ ಸರ್ವನಾಮವನ್ನು ಸೇರಿಸಿಕೊಂಡಿತು. ಲಿಂಗ ಸ್ಪಷ್ಟವಿಲ್ಲದ ಚಿತ್ರವೊಂದನ್ನು ಆ ಪದ ಬಳಸಿ ವರ್ಣಿಸಿದವರು ಮುಂದೆ ಕಥೆ ಬರೆಯುವಾಗ ತಮ್ಮ ಪಾತ್ರಕ್ಕೆ ಗಂಡು ಹೆಸರನ್ನೇ ಇಡುವ ಒಲವು ಕಡಿಮೆಯಾಯಿತೆಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅನುವಾದ ಯಂತ್ರ ಯಾವ ಪದವನ್ನು ಮೊದಲು ಮುಂದಿಡುತ್ತದೆ ಎಂಬುದು ಆದ್ದರಿಂದ ಬರಿಯ ವ್ಯಾಕರಣದ ವಿಚಾರವಲ್ಲ.

ತಟಸ್ಥ ಆಯ್ಕೆಯನ್ನು ಒತ್ತಿ, ಇಂಗ್ಲಿಷಿನಲ್ಲಿ ಒಬ್ಬರ ಲಿಂಗವನ್ನು ಹೇಳದೆ ಸೂಚಿಸುವ ಏಕವಚನದ ‘ದೇ’ (they) ಬಳಸಿದ್ದ ಒಂದು ಸರಳ ವಾಕ್ಯವನ್ನು ಕೊಟ್ಟೆ. ‘ಸ್ಯಾಮ್ ತನ್ನ ಛತ್ರಿಯನ್ನು ಮರೆತನು, ಆದ್ದರಿಂದ ಅವರು ಹಿಂತಿರುಗಿದರು’ ಎಂದು ಬಂತು. ಮೊದಲರ್ಧದಲ್ಲಿ ಗಂಡಸಾಗಿದ್ದ ಸ್ಯಾಮ್ ಎರಡನೆಯರ್ಧಕ್ಕೆ ಬರುವಷ್ಟರಲ್ಲಿ ಒಂದು ಗುಂಪಾಗಿದ್ದಾರೆ, ಇಲ್ಲವೇ ಹಿಂತಿರುಗಿದ್ದು ಯಾರೋ ಬೇರೆಯವರು. ಇಂಗ್ಲಿಷಿನ ಕ್ರಿಯಾಪದ ಲಿಂಗವನ್ನು ಹೇಳುವುದಿಲ್ಲವಾದ್ದರಿಂದ ಅಲ್ಲಿ ಸರ್ವನಾಮವೊಂದನ್ನು ಬದಲಿಸಿದರೆ ಕೆಲಸ ಮುಗಿಯಿತು. ಇಲ್ಲಿ ಮರೆತನು, ಮರೆತಳು, ಮರೆತರು ಎಂಬಲ್ಲಿ ಒಂದನ್ನು ಆರಿಸಲೇಬೇಕು ಎಂದು ಯಂತ್ರ ನಂಬಿದೆ. ನಿಜವಾಗಿ ಹಾಗೇನೂ ಇಲ್ಲ. ‘ಸ್ಯಾಮ್ ಛತ್ರಿ ಮರೆತದ್ದರಿಂದ ಹಿಂತಿರುಗಬೇಕಾಯಿತು’ ಎಂದರೆ ಯಾರ ಲಿಂಗವೂ ಬಯಲಾಗುವುದಿಲ್ಲ, ವಾಕ್ಯವೂ ಮೊದಲಿಗಿಂತ ಹಗುರಾಗುತ್ತದೆ. ‘ಬರಲಿಲ್ಲ’, ‘ಹೋಗಬಹುದು’, ‘ತಿಳಿದಿರಬೇಕು’ ಎಂಬ ರೂಪಗಳು, ‘ನಿನ್ನೆ ಕರೆ ಮಾಡಿದ್ದು ಸ್ಯಾಮ್’ ಎಂಬಂಥ ರಚನೆಗಳು ಎಲ್ಲರಿಗೂ ಒಂದೇ. ಕನ್ನಡ ಬಲ್ಲ ಒಬ್ಬ ಸಂಪಾದಕರು ಜೊತೆಗಿದ್ದಿದ್ದರೆ ಈ ದಾರಿಗಳನ್ನು ಮೊದಲ ದಿನವೇ ತೋರಿಸುತ್ತಿದ್ದರು.

‘ಅವರು’ ಎಂಬುದನ್ನು ಎಲ್ಲೆಡೆ ಹಚ್ಚಿದಾಗ ಇನ್ನೊಂದು ತೊಡಕು ಹುಟ್ಟುತ್ತದೆ. ಅದು ಲಿಂಗವನ್ನು ಮರೆಮಾಡುವುದರ ಜೊತೆಗೆ ಗೌರವವನ್ನೂ ತರುತ್ತದೆ, ಮತ್ತು ಗೌರವವೆಂದರೆ ಅಂತರ. ಲೇಖನ, ಸಂದರ್ಶನ, ಕಚೇರಿಯ ಪತ್ರಗಳಿಗೆ ಇದು ಚೆನ್ನಾಗಿಯೇ ಹೊಂದುತ್ತದೆ ಮತ್ತು ಅಲ್ಲಿ ಈ ಸೇವೆಯ ಫಲಿತಾಂಶ ಅಲ್ಪಸ್ವಲ್ಪ ತಿದ್ದುಪಡಿಯಿಂದ ಬಳಸುವಂತಿದೆ. ಆದರೆ ತಂಗಿಯೋ ತಮ್ಮನೋ ಎಂದು ಹೇಳಲಾಗದ ತನ್ನ ಒಡಹುಟ್ಟಿನ ಕುರಿತು ಅಕ್ಕನೊಬ್ಬಳು ಸಲುಗೆಯಿಂದ ಆಡಿದ ಮಾತು ಅನುವಾದದಲ್ಲಿ ಸಭಾಮರ್ಯಾದೆಯ ಭಾಷಣವಾಗಿಬಿಟ್ಟಿತು. ಇಷ್ಟನ್ನು ಸಹಿಸಬಹುದು. ಸಹಿಸಲಾಗದ್ದೆಂದರೆ ಒಂದೆರಡು ಕಡೆ ಬೆಳೆದ ವ್ಯಕ್ತಿಗೆ ‘ಅದು ಹೇಳಿತು’ ಎಂದು ಬಂದದ್ದು. ‘ಮಗು ಅತ್ತಿತು’ ಎಂಬಲ್ಲಿ ನಪುಂಸಕಲಿಂಗ ಯಾರನ್ನೂ ನೋಯಿಸುವುದಿಲ್ಲ, ಅದೇ ರೂಪ ದೊಡ್ಡವರಿಗೆ ಬಂದಾಗ ಹೀಯಾಳಿಕೆಯಾಗುತ್ತದೆ; ತಟಸ್ಥತೆಯನ್ನು ಹುಡುಕಿಕೊಂಡು ಬಂದವರಿಗೆ ಸಿಗಬಾರದ ಪದವೇ ಅದು.

ಲೇಖಕ, ಲೇಖಕಿ ಎಂಬ ಜೋಡಿಗಳಿಗೆ ‘ಬರಹಗಾರರು’ ಎಂದು ಕೊಡುವಷ್ಟು ಜಾಣತನ ಇದಕ್ಕಿದೆ, ಅದನ್ನು ಮೆಚ್ಚಬೇಕು. ನೆನಪು ಮಾತ್ರ ಗಿಡ್ಡ. ಮೊದಲ ಪ್ಯಾರಾದಲ್ಲಿ ‘ಅವರು’ ಆಗಿದ್ದ ವ್ಯಕ್ತಿ ಮೂರನೆಯದರಲ್ಲಿ ‘ಅವನು’ ಆಗುತ್ತಾರೆ, ಏಕೆಂದರೆ ಸೇವೆ ಪ್ರತಿ ವಾಕ್ಯವನ್ನೂ ಹೊಸದಾಗಿ ಊಹಿಸುತ್ತದೆ. ಒಂದು ಹೆಸರಿಗೆ ಒಂದು ರೂಪವನ್ನು ಲೇಖನದುದ್ದಕ್ಕೂ ಗೊತ್ತುಮಾಡಿಡುವ ಸೌಲಭ್ಯ ಬರುವವರೆಗೆ ಇದರ ಹಣ ಕೊಡಬೇಕಾದ ಆವೃತ್ತಿಯನ್ನು ನಾನು ಕೊಳ್ಳುವುದಿಲ್ಲ. ಉಚಿತ ಆವೃತ್ತಿಯನ್ನು ಮೊದಲ ಕರಡಿಗೆ ಬಳಸಿ, ಪ್ರತಿ ಕ್ರಿಯಾಪದದ ಕೊನೆಯನ್ನೂ ಕಣ್ಣಾರೆ ನೋಡಿ ತಿದ್ದಿಕೊಳ್ಳುತ್ತೇನೆ.