ಜೈಸಲ್ಮೇರ್‌ನಿಂದ ತನೋಟ್ ಕಡೆ ಎರಡು ದಿನದ ಜೀಪ್ ಟ್ರಿಪ್, ನನ್ನ ಅನುಭವ

ಜನವರಿಯಲ್ಲಿ ಜೈಸಲ್ಮೇರಿಗೆ ಹೋದಾಗ ಅಲ್ಲಿನ ಗೈಡ್ ಒಬ್ರ ಜೀಪ್ ತಗೊಂಡು ಎರಡು ದಿನ ಸುತ್ತಿದ್ವಿ, ಡೀಸೆಲ್ ಎಲ್ಲಾ ಸೇರಿ 9,000 ರೂಪಾಯಿ ಆಯ್ತು. ಕೊಟ್ಟ ದುಡ್ಡಿಗೆ ಮೋಸ ಇಲ್ಲ, ಒಂದು ವಿಷಯ ಬಿಟ್ರೆ, ಅದನ್ನ ಆಮೇಲೆ ಹೇಳ್ತೀನಿ.

ಸಾಮಾನ್ಯವಾಗಿ ಎಲ್ರೂ ಸಮ್‌ನ ಮರಳು ದಿಬ್ಬಕ್ಕೆ ಹೋಗಿ ಒಂಟೆ ಹತ್ತಿ, ರಾತ್ರಿ ಟೆಂಟಲ್ಲಿ ಡಿಜೆ ಕೇಳಿ ವಾಪಸ್ ಬರ್ತಾರೆ. ನಮ್ಮ ಗೈಡ್ ನಮ್ಮನ್ನ ಮೊದ್ಲು ಕರ್ಕೊಂಡು ಹೋಗಿದ್ದು ಒಂದು ಹೊಲಕ್ಕೆ. ಸುತ್ತ ಬರೀ ಕಲ್ಲು, ಮುಳ್ಳು, ನಡುವೆ ಹಸಿರು ಗೋಧಿ, ಕಡಲೆ. ಬೋರ್‌ವೆಲ್ಲೂ ಇಲ್ಲ, ಕಾಲುವೆನೂ ಇಲ್ಲ. ಇದಕ್ಕೆ ಖಡೀನ್ ಅಂತಾರೆ. ವರ್ಷಕ್ಕೆ 200 ಮಿಲಿಮೀಟರ್ ಮಳೆ ಆದ್ರೇ ದೊಡ್ಡದು ಅನ್ನೋ ಜಾಗ ಅದು, ಕಲ್ಲುಗುಡ್ಡದ ಮೇಲೆ ಬಿದ್ದ ನೀರೆಲ್ಲಾ ಹರಿದು ಬರೋ ತಗ್ಗಲ್ಲಿ ಅಡ್ಡಕ್ಕೆ ಉದ್ದ ಮಣ್ಣಿನ ಏರಿ ಹಾಕಿರ್ತಾರೆ, ನೀರು ನಿಂತು ಇಂಗತ್ತೆ, ಇಂಗಿದ್ಮೇಲೆ ಆ ಹಸಿಯಲ್ಲೇ ಹಿಂಗಾರು ಬಿತ್ತನೆ. ಗೈಡ್ ಕೂತ್ಕೊಂಡು ಮಣ್ಣು ಕೆದಕಿ ತೋರಿಸಿದ್ರು, ಮೇಲೆ ಬಿರುಕು ಬಿಟ್ಟ ಒಣ ಹೆಂಟೆ, ಗೇಣು ಕೆಳಗೆ ಕೈಗೆ ಅಂಟೋವಷ್ಟು ಹಸಿ. ಇದು ಪಾಲಿವಾಲ್ ಬ್ರಾಹ್ಮಣರು ಬೆಳೆಸಿದ ವಿದ್ಯೆ. ರೀಲ್ಸಲ್ಲಿ ದೆವ್ವದ ಊರು ಅಂತ ತೋರಿಸ್ತಾರಲ್ಲ ಕುಲ್ಧರಾ, ಅದು ಇದೇ ಜನ 19ನೇ ಶತಮಾನದಲ್ಲಿ ಬಿಟ್ಟುಹೋದ ಊರು, ನನಗಂತೂ ದೆವ್ವದ ಕಥೆಗಿಂತ ಈ ನೀರಿನ ಕಥೆನೇ ಮನಸ್ಸಲ್ಲಿ ಕೂತಿದೆ.

ಅಲ್ಲಿ ಖೇಜ್ಡಿ ಅನ್ನೋ ಮರ ನಮ್ಮ ಬನ್ನಿ ಮರನೇ ಅಂತ ಗೊತ್ತಾದಾಗ ತುಂಬಾ ಖುಷಿ ಆಯ್ತು. ಅದರ ಕಾಯಿ ಒಣಗಿಸಿದ್ರೆ ಸಾಂಗ್ರಿ, ಮಧ್ಯಾಹ್ನ ಬಾಜ್ರಾ ರೊಟ್ಟಿ ಜೊತೆ ಕೇರ್ (ಅಲ್ಲಿನ ಒಂದು ಸಣ್ಣ ಕಾಯಿ) ಸಾಂಗ್ರಿ ಪಲ್ಯ ತಿಂದ್ವಿ, ಸ್ವಲ್ಪ ಹುಳಿ, ಸಖತ್ತಾಗಿತ್ತು.

ಎರೆಭೂತ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಮಾತ್ರ ಕಾಣ್ಲಿಲ್ಲ, ಗೋಡಾವಣ್ ಅಂತಾರೆ ಅಲ್ಲಿ. ಡೆಸರ್ಟ್ ನ್ಯಾಷನಲ್ ಪಾರ್ಕ್ 3,162 ಚದರ ಕಿಲೋಮೀಟರ್ ಇದೆ, ಆದ್ರೂ ಹಕ್ಕಿ ಉಳಿದಿರೋದು ಬೆರಳೆಣಿಕೆ. ಭಾರದ ಹಕ್ಕಿ, ಎದುರಿಗಿರೋದು ಅದಕ್ಕೆ ಸರಿಯಾಗಿ ಕಾಣಲ್ಲ, ಹಾರ್ತಾ ಹಾರ್ತಾ ಕರೆಂಟ್ ತಂತಿಗೆ ಬಡಿದು ಸಾಯತ್ತೆ, ಮರಿ ಮಾಡೋದೂ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆ. ದಾರಿಯುದ್ದಕ್ಕೂ ಗಾಳಿಯಂತ್ರ, ಟವರ್ ಲೈನ್ ನೋಡ್ತಾ ಇದ್ರೆ ಹೊಟ್ಟೆ ಕಲಸಿದ ಹಾಗಾಗತ್ತೆ.

ಎರಡನೇ ದಿನ ಪಾಕಿಸ್ತಾನ ಗಡಿ ಹತ್ರ ಇರೋ ತನೋಟ್ ಮಾತೆ ಗುಡಿ, ಜೈಸಲ್ಮೇರಿಂದ ಸುಮಾರು 120 ಕಿಲೋಮೀಟರ್. 1965ರ ಯುದ್ಧದಲ್ಲಿ ಸಿಡಿಯದೇ ಉಳಿದ ಶೆಲ್‌ಗಳನ್ನ ಗುಡಿಯಲ್ಲೇ ಇಟ್ಟಿದ್ದಾರೆ, ಗುಡಿ ನೋಡ್ಕೊಳ್ಳೋದೂ ಬಿಎಸ್‌ಎಫ್ ಯೋಧರೇ. ನಮ್ಮ ಬೇಜಾರು ಇಲ್ಲೇ ಆಗಿದ್ದು, ಗಡಿವರೆಗೂ ಹೋಗೋಕೆ ಬಿಎಸ್‌ಎಫ್ ಪರ್ಮಿಷನ್ ಬೇಕು, ಅದೆಲ್ಲಾ ನಾನೇ ಮಾಡಿಸ್ತೀನಿ ಅಂತ ಗೈಡ್ ಫೋನಲ್ಲಿ ಹೇಳಿದ್ರು, ಅಲ್ಲಿಗೆ ಹೋದ್ಮೇಲೆ ನೋಡಿದ್ರೆ ಪಾಸೇ ಮಾಡಿಸಿಲ್ಲ. ಅಮ್ಮ ಅದಕ್ಕಂತಲೇ ಬಂದಿದ್ರು. ಗೈಡ್ ಸಾರಿ ಕೇಳಿದ್ರು, 1,000 ರೂಪಾಯಿ ವಾಪಸ್ಸೂ ಕೊಟ್ರು, ಆದ್ರೂ ನೀವು ಹೋದ್ರೆ ಪಾಸ್ ಕೈಗೆ ಬಂದ್ಮೇಲೇ ಹೊರಡಿ. ಅಲ್ಲಿಂದ ಲೊಂಗೇವಾಲಾಗೆ ಹೋದ್ವಿ, 1971ರ ಡಿಸೆಂಬರಲ್ಲಿ ಸುಮಾರು 120 ಜನ ಸೈನಿಕರು ರಾತ್ರಿಯಿಡೀ ಪಾಕಿಸ್ತಾನದ ಟ್ಯಾಂಕುಗಳನ್ನ ತಡೆದು ನಿಂತ ಜಾಗ, ಬೆಳಗಾದ್ಮೇಲೇ ನಮ್ಮ ವಾಯುಪಡೆಯ ಹಂಟರ್ ವಿಮಾನ ಬಂದಿದ್ದು. ಆ ಬಯಲಲ್ಲಿ ಅಡಗಿಕೊಳ್ಳೋಕೆ ಒಂದು ಬಂಡೆನೂ ಇಲ್ಲ.

ಸಂಜೆ ಒಂದು ಮಂಗಣಿಯಾರ್ ಮನೆಗೆ ಕರ್ಕೊಂಡು ಹೋದ್ರು. ಇವ್ರು ಮುಸ್ಲಿಮರು, ತಲೆಮಾರುಗಳಿಂದ ಹಿಂದೂ ಜಜಮಾನರ (ಇವ್ರನ್ನ ಸಾಕೋ ಮನೆತನದವರ) ಮನೆ ಮದುವೆ, ಮಗು ಹುಟ್ಟಿದ್ದಕ್ಕೆಲ್ಲಾ ಹಾಡೋರು. ವಯಸ್ಸಾದವರೊಬ್ರು ಕಮಾಯಚಾ (ಕಮಾನಿಂದ ನುಡಿಸೋ ತಂತಿವಾದ್ಯ) ಬಿರಡೆ ತಿರುಗಿಸ್ತಾ, ಕಿವಿ ಹತ್ರ ಇಟ್ಟು ಕೇಳ್ತಾ, ಶ್ರುತಿ ಮಾಡೋದಕ್ಕೇ ಹತ್ತು ನಿಮಿಷ ತಗೊಂಡ್ರು, ಅಷ್ಟೊತ್ತೂ ಮೊಮ್ಮಗ ಖಡ್ತಾಲ್ ಅನ್ನೋ ಮರದ ಚಿಟಿಕೆ ಹಿಡ್ಕೊಂಡು ಅಜ್ಜನ ಮುಖನೇ ನೋಡ್ತಾ ಕೂತಿದ್ದ. ಅವ್ರ ನೆಂಟರು ಗಡಿ ಆಚೆ ಸಿಂಧ್‌ನ ಥರ್‌ಪಾರ್ಕರಲ್ಲಿ ಇದ್ದಾರಂತೆ, 2006ರಲ್ಲಿ ಗಡಿ ಸ್ಟೇಷನ್ ಮುನಾಬಾವ್ ಮೇಲೆ ಪಾಕಿಸ್ತಾನಕ್ಕೆ ಹೋಗೋ ಥಾರ್ ಎಕ್ಸ್‌ಪ್ರೆಸ್ ರೈಲು ಮತ್ತೆ ಶುರುವಾದಾಗ ಹೋಗಿ ಬಂದಿದ್ರಂತೆ, 2019ರಲ್ಲಿ ಆ ರೈಲೂ ನಿಂತ್ಹೋಯ್ತು. ಅಲ್ಲೂ ಇದೇ ಹಾಡು ಹಾಡ್ತಾರೆ ಅಂದು ಇನ್ನೊಂದು ಶುರು ಮಾಡಿದ್ರು. ಹಾಡಿದ ದುಡ್ಡು ನಾವು ನೇರವಾಗಿ ಅವ್ರ ಕೈಗೇ ಕೊಟ್ವಿ, ಗೈಡ್ ಅದರಲ್ಲಿ ಕಮಿಷನ್ ಕೇಳ್ಲಿಲ್ಲ, ಗೈಡ್‌ಗೆ ನಾನು ಕೊಡೋ ನಾಲ್ಕು ಸ್ಟಾರಲ್ಲಿ ಒಂದು ಅದಕ್ಕೇ.