ಹೊಸೂರಿನಿಂದ ಒಂದು ದಿನ: ಬನ್ನೇರುಘಟ್ಟವೋ, ಮೈಸೂರು ಮೃಗಾಲಯವೋ?

ಹೊಸೂರು, ತಳಿ ಕಡೆಯ ಕುಟುಂಬಗಳಿಗೆ ಆನೇಕಲ್ ಮಾರ್ಗವಾಗಿ ಬನ್ನೇರುಘಟ್ಟ ಹತ್ತಿರ; ಮೈಸೂರಿಗಾದರೆ ನಸುಕಿನಲ್ಲೇ ಹೊರಡಬೇಕು, ಪ್ರಯಾಣದ ಖರ್ಚೂ ಹೆಚ್ಚು.

ಬನ್ನೇರುಘಟ್ಟದ ಸಫಾರಿಗೆ ಸ್ವಂತ ಕಾರನ್ನು ಬಿಡುವುದಿಲ್ಲ. ಜಾಲರಿ ಹಾಕಿದ ಬಸ್ಸಿನಲ್ಲಿ ಕುಳಿತೇ ಜಿಂಕೆ, ಕರಡಿ, ಸಿಂಹ, ಹುಲಿಗಳ ಪ್ರತ್ಯೇಕ ಆವರಣಗಳನ್ನು ದಾಟುವುದರಿಂದ ಮಂಡಿನೋವಿನ ಹಿರಿಯರಿಗೆ ಇದೇ ಅನುಕೂಲ. ಆದರೆ ಬಸ್ಸು ನಮ್ಮ ಇಷ್ಟದಂತೆ ನಿಲ್ಲದು, ಹುಲಿ ಪೊದೆಯ ಹಿಂದೆ ಮಲಗಿದ್ದರೆ ಟಿಕೆಟಿನ ಹಣ ವಾಪಸು ಬಾರದು. 1892ರಲ್ಲಿ ಆರಂಭವಾದ ಮೈಸೂರು ಮೃಗಾಲಯದಲ್ಲಿ ನಡಿಗೆ ಹೆಚ್ಚಾದರೂ, ಜಿರಾಫೆ, ಗೊರಿಲ್ಲಾಗಳ ಮುಂದೆ ಮಕ್ಕಳು ಬೇಕಾದಷ್ಟು ಹೊತ್ತು ನಿಲ್ಲಬಹುದು. ಪ್ರಶ್ನೆ ಕೇಳುವ ವಯಸ್ಸಿನ ಮಕ್ಕಳಿದ್ದರೆ ನನ್ನ ಒಲವು ಅತ್ತ. ಹಿರಿಯರು ಜೊತೆಗಿದ್ದು, ಸಂಜೆಗೆ ಮನೆ ಸೇರಬೇಕಿದ್ದರೆ ಬನ್ನೇರುಘಟ್ಟವೇ ಸರಿ. ಎರಡಕ್ಕೂ ಸಾಮಾನ್ಯವಾಗಿ ಮಂಗಳವಾರ ರಜೆ.